ಬಾನೆಟ್ ಮ್ಯಾಲಿನ ಓದು

ಸೇಡಂ ಬಸ್ ನಿಲ್ದಾಣ, ಬೆಳಗಿನ ಹೊತ್ತು. ಕಲ್ಲಿನ ಕಟ್ಟೆಯ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ಚಿತ್ತಾಪುರದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವ ಶಿಕ್ಷಕಿ. ಇನ್ನೊಬ್ಬ ಅವರ ತಂಗಿಯ ಮಗ, ವಾಡಿಯವನು. ಚಾಲಕ ಕಂ ನಿರ್ವಾಹಕ ಹುದ್ದೆಯ ಆದೇಶ ಹಿಡಿದು ಚಿಂಚೋಳಿಗೆ ಹೊರಟಿದ್ದಾನೆ. ಗಾಡಿ ಬರಲು ಇನ್ನೂ ಹೊತ್ತಿದೆ.

— ಆರ್ಡರ್ ಕಾಪಿ ಮತ್ತ ಮತ್ತ ತೆಗೀಬ್ಯಾಡ ಯಪ್ಪಾ, ಮಡಿಕಿ ಬಿದ್ದಲ್ಲಿ ಹರೀತದ.

— ತೆಗಿಯಲ್ಲ ದೊಡ್ಡವ್ವ. ಎಷ್ಟು ಸಲ ನೋಡಿದ್ರೂ ಅದರಾಗ ಬರೆದದ್ದು ಬದಲಾಗಲ್ಲ. ನನ್ನ ಜೋಡಿ ಓದಿದವರು ಪುಣೆ, ಹೈದರಾಬಾದ್ ಸೇರ್ಯಾರ. ನಾ ಸ್ಟೇರಿಂಗ್ ಹಿಡೀಲಕ ಹೊಂಟೀನಿ. ಗೆಳೆಯರು ಕೇಳಿದ್ರ ಸರಕಾರಿ ನೌಕರಿ ಅಂತೀನಿ. ಏನು ನೌಕರಿ ಅಂತ ಹೇಳಲ್ಲ.

— ಯಾಕ ಹೇಳಲ್ಲ?

— ಡ್ರೈವರ್ ಅಂದ ಕೂಡ್ಲೆ ಮಂದಿ ಮಾರಿ ಹೆಂಗ ಮಾಡ್ತಾರ, ನಿನಗ ಗೊತ್ತಿಲ್ಲೇನು?

— ನನಗ ಗೊತ್ತಿರೋದು ಬ್ಯಾರೆ ಅದ. ನಾ ಇವತ್ತು ಚಿತ್ತಾಪುರದಾಗ ನಿಂತು ಪಾಠ ಹೇಳ್ತೀನಿ ಅಂದ್ರ ಅದಕ್ಕ ಇಬ್ಬರು ಕಾರಣ. ಒಬ್ಬಕಿ ನಿಮ್ಮ ಅಮ್ಮಮ್ಮ. ಇನ್ನೊಬ್ಬರು ಇದೇ ರೋಡಿನ ಮ್ಯಾಲ ಗಾಡಿ ಹೊಡೀತಿದ್ದ ಡ್ರೈವರ್ ಕಾಕಾ.

— ನಮ್ಮವ್ವ ಒಂದೆರಡು ಸಲ ಹೇಳ್ಯಾಳ, ಬಸ್ಸಿನ್ಯಾಗ ಪೇಪರ್ ಓದ್ತಿದ್ದಿ ಅಂತ. ಪೂರ್ತಿ ಕೇಳಿಲ್ಲ.

— ಪೂರ್ತಿ ಕೇಳು ಹಂಗಾದ್ರ. 1989. ಸುಲೇಪೇಟದಾಗ ಮೆಟ್ರಿಕ್ ಮುಗಿಸಿದ್ದೆ. ಪಿಯುಸಿಗಿ ಸೇಡಂಕ ಬರಬೇಕು. ನಮ್ಮೂರು ರೋಡಿಗಿ ಇಲ್ಲ, ನಿನಗ ಗೊತ್ತದ. ತೊಗರಿ ಹೊಲದ ಬದು ಹಿಡಿದು ನಡಕೋತ ಕ್ರಾಸಿಗಿ ಬಂದ್ರ ಅಲ್ಲಿ ಒಂದು ಬೇವಿನ ಮರ, ಕೂಡಲಕ ಒಂದು ಕಲ್ಲು. ಮತ್ತೇನಿಲ್ಲ. ಚಿಂಚೋಳಿ ಕಡೆ ಒಂದು ಹಳ್ಳಿದಾಗ ವಸ್ತಿ ಬಿದ್ದು ನಸುಕಿನ್ಯಾಗ ಹೊರಡೋ ಗಾಡಿ ಒಂದಿತ್ತು. ಸೇಡಂ, ಮಳಖೇಡ ಮ್ಯಾಲಿಂದ ಕಲಬುರ್ಗಿಗಿ ಹೋಗ್ತಿತ್ತು. ಆಗ ಗುಲ್ಬರ್ಗ ಅಂತಿದ್ರು. ಅದು ಸಿಕ್ಕರ ಕಾಲೇಜಿನ ಮೊದಲನೇ ಕ್ಲಾಸ್ ಸಿಗ್ತದ, ತಪ್ಪಿದ್ರ ಹೊತ್ತು ನೆತ್ತಿಗಿ ಬರೋತನಕ ಅದೇ ಕಲ್ಲಿನ ಮ್ಯಾಲ ಕೂಡೋದು.

— ಒಂದೇ ಗಾಡಿ?

— ಹೊತ್ತಿಗಿ ಸರಿಯಾಗಿ ಮುಟ್ಟಿಸೋದು ಅದೊಂದೇ. ವಸ್ತಿ ಗಾಡಿ ಅಂದ್ರ ಸಂಜೀಗಿ ಹೋಗಿ ರಾತ್ರಿ ಅಲ್ಲೇ ಮಲಗಿ ಮುಂಜಾನೆ ವಾಪಸ್. ಹಿಂಗಾಗಿ ಡ್ರೈವರ್ ಕಂಡಕ್ಟರ್ ಎರಡು ಜೋಡಿ, ದಿನಾ ಬಿಟ್ಟು ದಿನ. ಒಂದು ಜೋಡಿದಾಗ ಈ ಕಾಕಾ ಇದ್ರು. ಇನ್ನೊಬ್ಬರು ಕ್ರಾಸಿನ್ಯಾಗ ನಿಂದರ್ತಿರಲಿಲ್ಲ. ಕೈ ಅಡ್ಡ ಹಾಕಿದ್ರ ಅವರು ಕೈಲೇ ಹಿಂದಿನ ಗಾಡಿ ತೋರಸ್ತಿದ್ರು. ಹಿಂದಿನ ಗಾಡಿ ಇದ್ದರಲ್ಲ? ಕಾಲೇಜಿನ ಹಾಜರಿ ಪುಸ್ತಕದಾಗ ನನ್ನ ಹೆಸರಿನ ಮುಂದ ಒಂದಿನ ಹಾಜರಿ, ಒಂದಿನ ಗೈರು, ಒಂದಿನ ಹಾಜರಿ, ಒಂದಿನ ಗೈರು. ರಂಗೋಲಿ ಚುಕ್ಕಿ ಇಟ್ಟಂಗ. ಇತಿಹಾಸದ ಸರ್ ಕರೆದು ಕೇಳಿದ್ರು, ಏನವ್ವಾ, ನೀ ದಿನಾ ಬಿಟ್ಟು ದಿನ ಉಪಾಸ ಇರ್ತೀ ಏನು ಅಂತ.

— ಆ ಇನ್ನೊಬ್ಬ ಡ್ರೈವರ್‌ಗೂ ಕಾರಣ ಇರ್ತಾವ ದೊಡ್ಡವ್ವ. ನಾ ಈಗ ಟ್ರೇನಿಂಗ್ ಮುಗಿಸಿ ಬಂದೀನಿ ಅಂತ ಹೇಳ್ಲಕತ್ತೀನಿ. ಪಾಸಿನ ಹುಡುಗರು ಹತ್ತಿದ್ರ ಕಲೆಕ್ಷನ್ ಬರಲ್ಲ. ನಡುವ ನಿಂದ್ರಿಸಿದ್ರ ಟೈಮ್ ಹೋಗ್ತದ. ಎಲ್ಲಕ್ಕಿಂತ ಮ್ಯಾಲ ಕೆಎಂಪಿಎಲ್. ಒಂದು ಲೀಟರ್ ಡೀಸೆಲಿಗಿ ಗಾಡಿ ಎಷ್ಟು ಕಿಲೋಮೀಟರ್ ಹೋಯ್ತು ಅಂತ ಒಬ್ಬೊಬ್ಬ ಡ್ರೈವರ್ ಹೆಸರಿನ ಮುಂದ ಬರೀತಾರ. ತುಂಬಿದ ಗಾಡಿ ನಿಂದ್ರಿಸಿ ಮತ್ತ ಫಸ್ಟ್ ಗೇರಿನ್ಯಾಗ ಎಬ್ಬಸೋದಂದ್ರ ಅದು ಡೀಸೆಲ್ ಕುಡೀತದ. ಕ್ರಾಸಿಗಿ ಒಬ್ಬ ಹುಡುಗಿ ಸಲುವಾಗಿ ನಿಂದ್ರಿಸಿದವಗ ಡಿಪೋದಾಗ ಯಾರೂ ಶಾಬಾಸ್ ಅನ್ನಲ್ಲ.

— ಆ ಲೆಕ್ಕ ಕಾಕಾಗೂ ಇತ್ತು. ಅವರು ಏನ್ ಮಾಡ್ತಿದ್ರು ಹೇಳ್ತೀನಿ ಕೇಳು, ಇದು ನಿನಗ ಬೇಕಾಗ್ತದ. ನಮ್ಮ ಕ್ರಾಸಿಗಿಂತ ಸ್ವಲ್ಪ ಹಿಂದ ಒಂದು ಮೋರಿ ಅದ. ಗಾಡಿ ಮೋರಿ ದಾಟಿದ್ದೇ ತಡ, ಅವರು ಎಕ್ಸಲೇಟರ್ ಮ್ಯಾಲಿನ ಕಾಲು ತೆಗೀತಿದ್ರು. ಇಂಜಿನ್ ಸಪ್ಪಳ ಇಳೀತಿತ್ತು. ಗಾಡಿ ತನ್ನ ಓಟಕ್ಕ ತಾನೇ ಉರುಳಕೋತ ಬಂದು ಬೇವಿನ ಮರದ ನೆರಳಿಗಿ ಬರೋದ್ರಾಗ ನಡಿಗಿಗಿ ಇಳಿದಿರ್ತಿತ್ತು. ಬ್ರೇಕ್ ಮುಟ್ಟಿದಂಗ ಮಾಡಿದ್ರ ಸಾಕು. ನಾ ಅಷ್ಟ್ರಾಗ ಪುಸ್ತಕ ಎದಿಗಿ ಹಿಡಿದು ಬಾಗಿಲ ಎಲ್ಲಿ ಬರ್ತದ ಅಲ್ಲೇ ನಿಂತಿರಬೇಕು. ಒಂದೇ ಜಾಗಾ, ದಿನಾ. ಅದು ಅವರೇ ತೋರಿಸಿದ ಜಾಗಾ. ನೀ ಓಡಬ್ಯಾಡ ಬೇಟಾ, ಗಾಡಿನೇ ನಿನ್ನ ತನಕ ಬರ್ತದ ಅಂದಿದ್ರು. ಎಷ್ಟೋ ದಿನಕ್ಕ ನನಗ ತಿಳೀತು, ಮೋರಿ ಹತ್ರ ಇಂಜಿನ್ ಸಪ್ಪಳ ಇಳೀತಂದ್ರ ಇವತ್ತು ಕಾಕಾ ಗಾಡಿ, ಇಳೀಲಿಲ್ಲಂದ್ರ ಇವತ್ತು ಕಲ್ಲಿನ ಮ್ಯಾಲ ಕೂಡೋದು.

— ಕಾಲು ತೆಗೆದು ಉರುಳಿಸೋದು... ಅದನ್ನೇ ನಮಗ ಡೀಸೆಲ್ ಉಳಿಸೋ ಪಾಠ ಅಂತ ಹೇಳಿಕೊಟ್ರು.

— ಅವರಿಗಿ ಯಾರು ಹೇಳಿಕೊಟ್ಟಿದ್ರೋ. ಒಳಗ ಹತ್ತಿದ್ರ ನಿಂದ್ರಲಕ ಜಾಗಾ ಇರ್ತಿರಲಿಲ್ಲ. ಹಾಲಿನ ಕ್ಯಾನ್, ಕಾಯಿಪಲ್ಯಾ ಬುಟ್ಟಿ, ಸೇಡಂ ಸಂತಿಗಿ ಹೋಗೋರು. ತಾಂಡಾದ ಹೆಣ್ಣಮಕ್ಕಳು ದುಡೀಲಕ ಗಂಟು ಕಟಕೊಂಡು ಹೊಂಟಿರ್ತಿದ್ರು. ಮೊದಲನೇ ದಿನ ಗಂಡಸರ ನಡುವ ಸಿಕ್ಕೊಂಡು ಅಳೋ ಹಂಗ ನಿಂತಿದ್ದೆ. ಕಾಕಾ ಕನ್ನಡಿದಾಗ ನೋಡಿರಬೇಕು. ಅಲ್ಲಿಂದಲೇ ಕೂಗಿದ್ರು, ಆ ಹುಡುಗಿಗಿ ಮುಂದ ಬಿಡ್ರಿ ಅಂತ. ಬಾನೆಟ್ ಮ್ಯಾಲ ಒಂದು ಗೋಣಿಚೀಲ ನಾಕು ಮಡಿಕಿ ಮಾಡಿ ಹಾಕಿದ್ರು. ಅದರ ಮ್ಯಾಲ ಕೂಡಿಸಿದ್ರು. ಹಳೇ ಗಾಡಿ, ಇಂಜಿನ್ ಒಳಗೇ. ಚಳಿಗಾಲದಾಗ ಬೆಚ್ಚಗ, ಬ್ಯಾಸಿಗಿದಾಗ ತೊಡಿ ಸುಡ್ತಿತ್ತು. ಗೇರ್ ಕೋಲು ನನ್ನ ಮೊಣಕಾಲ ಹತ್ರನೇ ನಡುಗ್ತಿತ್ತು. ಡೀಸೆಲ್ ವಾಸನಿ, ಅವರ ಅಂಗಿದಾಗಿನ ಬೀಡಿ ವಾಸನಿ. ಇವತ್ತಿಗೂ ಎಲ್ಯಾರ ಆ ಎರಡೂ ವಾಸನಿ ಕೂಡಿ ಬಂದ್ರ ನನಗ ಪಿಯುಸಿ ನೆನಪಾಗ್ತದ.

— ಪೇಪರ್?

— ಗಾಜಿನ ಬುಡಕ್ಕ ಮಡಚಿಟ್ಟಿರ್ತಿದ್ರು. ಹಿಂದಿನ ದಿನ ಗುಲ್ಬರ್ಗ ಸ್ಟ್ಯಾಂಡಿನ್ಯಾಗ ಕೊಂಡದ್ದು. ಎರಡನೇ ದಿನವೋ ಮೂರನೇ ದಿನವೋ, ರೋಡಿನ ಮ್ಯಾಲಿನ ಕಣ್ಣು ತೆಗೀದೇ ಅಂದ್ರು, ಬೇಟಾ, ಅದು ತಗೊಂಡು ಓದು, ನನಗ ಕೇಳೋ ಹಂಗ ಓದು. ಅವರದು ನಾಕನೇತ್ತ ಆಗಿತ್ತು, ಅದೂ ಉರ್ದುದಾಗ. ಅವರು ಸಾಲಿಗಿ ಹೋಗೋ ಕಾಲಕ್ಕ ನಮ್ಮ ಭಾಗ ಹೈದರಾಬಾದ್ ರಾಜ್ಯದಾಗ ಇತ್ತು. ಮೈಸೂರು ರಾಜ್ಯಕ್ಕ ಕೂಡಿದ್ದು 1956ರ ನವೆಂಬರ್ 1ಕ್ಕ. ಊರಿನ ಬೋರ್ಡ್ ಓದೋವಷ್ಟು ಕನ್ನಡ ಅವರು ತಾವೇ ಕಲ್ತಿದ್ರು. ಪೇಪರಿನ ಸಣ್ಣ ಅಕ್ಷರ ಕೂಡಿಸಿ ಓದೋದ್ರಾಗ ಹೊತ್ತು ಮುಳುಗ್ತದ ಅಂತಿದ್ರು. ಗಾಡಿ ಹೊಡೆಯೋವಾಗ ಹೆಂಗೂ ಓದಲಕ ಬರಲ್ಲ. ಅವರಿಗಿ ಸುದ್ದಿ ಬೇಕಿತ್ತು, ನಾ ಓದಬೇಕಿತ್ತು.

— ಓದಿದಿ?

— ಮೊದಲ ದಿನ ಬಾಯೊಳಗೇ ಓದಿದೆ. ಇಂಜಿನ್ ಸಪ್ಪಳದಾಗ ನನಗೇ ಕೇಳಿಸಲಿಲ್ಲ. ಅವರು ಬೈಯಲಿಲ್ಲ, ನಗಲೂ ಇಲ್ಲ. ಇಂಜಿನ್‌ಗಿಂತ ಮ್ಯಾಲ ಬರಬೇಕು ಬೇಟಾ ದನಿ, ಚೀರಬಾರದು, ಹೊಟ್ಟಿಲಿಂದ ಬರಬೇಕು ಅಂದ್ರು. ನಾ ಮನಿಯೊಳಗ ಅಪ್ಪನ ಮುಂದ ಬಾಯಿ ತೆಗೀದ ಹುಡುಗಿ. ತುಂಬಿದ ಗಾಡಿದಾಗ ಅಷ್ಟು ಮಂದಿ ಕೇಳೋ ಹಂಗ ಓದು ಅಂದ್ರ ಹೆಂಗಾಗಿರಬೇಕು ನೋಡು. ಒಂದು ತಿಂಗಳಾಗೋದ್ರಾಗ ಹಿಂದಿನ ಸೀಟಿನವರು ಕೂಗೋ ಹಂಗಾಯ್ತು, ಏ ತಂಗಿ, ತೊಗರಿ ರೇಟ್ ಮತ್ತೊಮ್ಮಿ ಓದು ಅಂತ. ಇವತ್ತು ಅರವತ್ತು ಮಕ್ಕಳ ಕ್ಲಾಸಿನ್ಯಾಗ ಹಿಂದಿನ ಬೆಂಚಿಗಿ ನನ್ನ ಪಾಠ ಕೇಳಸ್ತದ. ಟ್ರೇನಿಂಗ್‌ದಾಗ ಯಾರೂ ಕಲಿಸಿದ್ದಲ್ಲ ಅದು.

— ಮತ್ತ ಇತಿಹಾಸ? ಅದೂ ಅಲ್ಲೇ ಹಿಡೀತೇನು?

— ಅಲ್ಲೇ. ಒಂದಿನ ಪೇಪರ್‌ದಾಗ ಸನ್ನತಿ ಬಗ್ಗೆ ಲೇಖನ ಬಂದಿತ್ತು. ನಮ್ಮದೇ ಚಿತ್ತಾಪುರ ತಾಲ್ಲೂಕಿನ ಸನ್ನತಿ. ಚಂದ್ರಲಾ ಪರಮೇಶ್ವರಿ ಗುಡಿ ಆವರಣದಾಗ ಕಾಳಿಕಾ ಗುಡಿ ಅದ. ಅಲ್ಲಿ ಮೂರ್ತಿಗಿ ಪೀಠ ಆಗಿದ್ದ ಕಲ್ಲಿನ ಮ್ಯಾಲ ಅಶೋಕನ ಶಾಸನ ಸಿಕ್ಕದ ಅಂತ. ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷಾ. ಮೂರ್ತಿ ಕೂಡಸಲಕ ಯಾರೋ ಆ ಕಲ್ಲಿನ ನಡುವ ತೂತು ಕೊರೆದಿದ್ರು, ಆ ಜಾಗದ ಅಕ್ಷರ ಹೋಗಿದ್ದವು. ಕಾಕಾ ಅದನ್ನ ಎರಡು ಸಲ ಓದಿಸಿದ್ರು. ಆಮ್ಯಾಲ ಭಾಳ ಹೊತ್ತು ಸುಮ್ಮನೇ ಗಾಡಿ ಹೊಡೆದು ಅಂದ್ರು, ಸನ್ನತಿ ಜಾತ್ರಿಗಿ ಎಷ್ಟು ವರ್ಷ ಮಂದಿಗಿ ಒಯ್ದೀನಿ ಬೇಟಾ. ಎಲ್ಲರೂ ಕೈ ಮುಗಿದು ಬಂದೀವಿ. ಎರಡು ಸಾವಿರ ವರ್ಷದ ಹಿಂದಿನ ಚಿಟ್ಟಿ ನಮ್ಮ ಮುಂದೇ ಇತ್ತು, ಓದೋರು ಇರಲಿಲ್ಲ. ನೀ ಅಂಥಾದ್ದು ಓದೋಳಾಗು.

ಬ್ರಾಹ್ಮಿ ನನಗ ಇವತ್ತಿಗೂ ಬರಲ್ಲ ಯಪ್ಪಾ. ಆದ್ರ ಇತಿಹಾಸ ತಗೊಂಡೆ. ಮುಂದ ಅಲ್ಲೇ ಹತ್ರ ಕನಗನಹಳ್ಳಿದಾಗ ಸ್ತೂಪ ಅಗೆದ್ರು. ಅಶೋಕನ ಮೂರ್ತಿ ಕೆತ್ತಿ ಅದರ ಮ್ಯಾಲ ಅವನ ಹೆಸರೇ ಬರೆದ ಕಲ್ಲು ಸಿಕ್ಕಿತು. ನಮ್ಮ ಸಾಲಿ ಮಕ್ಕಳಿಗಿ ಕರಕೊಂಡು ಹೋಗಿ ಆ ಜಾಗಾ ತೋರಿಸಿದಾಗೆಲ್ಲ ನನಗ ಗೋಣಿಚೀಲದ ಬಿಸಿ ನೆನಪಾಗ್ತದ.

— ನೀ ಹೇಳೋದು ಕೇಳಿದ್ರ ರಜನೀಕಾಂತ್ ಕಥಿ ನೆನಪಾಗ್ತದ.

— ರಾಜ್ ಬಹಾದ್ದೂರ್ ಅವರದ್ದು?

— ಹ್ಞೂಂ. 2021ರ ಅಕ್ಟೋಬರ್ 25ಕ್ಕ ದೆಹಲಿದಾಗ ಫಾಲ್ಕೆ ಪ್ರಶಸ್ತಿ ತಗೊಂಡಾಗ ವೇದಿಕಿ ಮ್ಯಾಲ ಹೆಸರು ಹೇಳಿದ್ರು. ಬೆಂಗಳೂರಾಗ ನಾ ಕಂಡಕ್ಟರ್ ಇದ್ದಾಗ ಇವರು ಡ್ರೈವರ್, ನನ್ನೊಳಗ ನಟ ಇದ್ದಾನ ಅಂತ ಗುರುತಿಸಿ ಸಿನಿಮಾಕ್ಕ ಹೋಗು ಅಂದವರು ಇವರೇ ಅಂತ. ಆದ್ರ ಅವರು ರಜನೀಕಾಂತ್ ದೊಡ್ಡವ್ವ. ದೊಡ್ಡವರಾದ ಮ್ಯಾಲ ಡ್ರೈವರ್ ಹೆಸರು ಹೇಳಿದ್ರ ಜಗತ್ತು ಕೇಳ್ತದ.

— ನೀ ಅದನ್ನ ತಿರುಗಿಸಿ ನೋಡು. ಆ ಡ್ರೈವರ್ ಹೇಳಿದಾಗ ಎದುರಿಗಿದ್ದವ ರಜನೀಕಾಂತ್ ಅಲ್ಲ, ಟಿಕೆಟ್ ಹರೀತಿದ್ದ ಶಿವಾಜಿರಾವ್ ಗಾಯಕ್ವಾಡ್. 1973ರಾಗ ಮದ್ರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರೋತನಕ ಅವರ ಮ್ಯಾಲ ಯಾರಿಗಿ ಏನು ಭರವಸೆ ಇತ್ತು? ಡ್ರೈವರ್ ಅನ್ನಾವ ದಿನಾ ನೋಡ್ತಾನ ಅದಕ್ಕ ಅವನಿಗಿ ಕಾಣ್ತದ. ಮಾಸ್ತರ ನಮಗ ಕ್ಲಾಸಿನ್ಯಾಗ ನೋಡ್ತಾರ, ಅಪ್ಪ ಅವ್ವ ಮನ್ಯಾಗ ನೋಡ್ತಾರ. ಮನಿ ಬಿಟ್ಟು ಕ್ಲಾಸ್ ಮುಟ್ಟೋ ತನಕ ನಾವು ಹೆಂಗಿರ್ತೀವಿ ಅನ್ನೋದು ನೋಡಿದವರು ಕಾಕಾ ಒಬ್ಬರೇ.

— ಒಂದು ಮಾತು ಕೇಳ್ತೀನಿ, ಸಿಟ್ಟಿಗಿ ಬರಬ್ಯಾಡ. ಒಬ್ಬ ಡ್ರೈವರ್ ಒಳ್ಳೆಯವ ಇದ್ದ ಅಂತ ನಿನ್ನ ಓದು ನಡೀತು. ಅದು ಸರಿ ಏನು? ಹುಡುಗಿ ಸಾಲಿಗಿ ಹೋಗೋದು ಡ್ರೈವರನ ಮನಸಿನ ಮ್ಯಾಲ ನಿಂದ್ರಬೇಕೇನು?

— ಸಿಟ್ಟು ಯಾಕ? ಇದೇ ಮಾತು ನಾ ಮೂವತ್ತು ವರ್ಷ ವಿಚಾರ ಮಾಡೀನಿ. ಕಾಕಾ ರಜೆ ಹಾಕಿದ್ರ ನನ್ನ ಕಾಲೇಜು ತಪ್ಪತಿತ್ತು. ನನ್ನ ಜೋಡಿ ಮೆಟ್ರಿಕ್ ಪಾಸಾದ ಇನ್ನಿಬ್ಬರಿದ್ರು, ಬ್ಯಾರೆ ರೋಡಿನವರು. ಅವರ ಕ್ರಾಸಿನ್ಯಾಗ ಯಾವ ಕಾಕಾನೂ ಇರಲಿಲ್ಲ. ದೀಪಾವಳಿ ಹೊತ್ತಿಗಿ ಕಾಲೇಜು ಬಿಟ್ರು, ಮುಂದಿನ ಬ್ಯಾಸಿಗಿದಾಗ ಒಬ್ಬಕಿದು ಲಗ್ನ ಆಯ್ತು. ಅಕಿ ನನಗಿಂತ ಶಾಣೆ ಇದ್ದಳು. ಹಂಗಂತ ಕಾಕಾ ಮಾಡಿದ್ದು ಸಣ್ಣದಾಗಲ್ಲ. ಆದ್ರ ಗಾಡಿ ಕಮ್ಮಿ ಬಿಟ್ಟು ಉಳಿದದ್ದನ್ನ ಡ್ರೈವರನ ಒಳ್ಳೆತನದ ಮ್ಯಾಲ ಹಾಕೋದು ಅನ್ಯಾಯ. ಡ್ರೈವರಿಗೂ ಅನ್ಯಾಯ, ಹುಡುಗಿಗೂ ಅನ್ಯಾಯ. 2021ರಾಗ ತೆಲಂಗಾಣದ ರಂಗಾರೆಡ್ಡಿ ಜಿಲ್ಲಾದ ಚಿದೇಡು ಅನ್ನೋ ಊರಿನ ಎಂಟನೇತ್ತದ ಹುಡುಗಿ ಏನ್ ಮಾಡಿದಳು ಓದಿದ್ದಿ?

— ಇಲ್ಲ.

— ಕೊರೊನಾದಾಗ ಬಂದಾದ ಬಸ್ಸು ಮತ್ತ ಚಾಲೂ ಆಗಿರಲಿಲ್ಲ. ಅಕಿ ಸೀದಾ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಮಣ ಅವರಿಗೇ ಕಾಗದ ಬರೆದಳು, ಸಾಲಿಗಿ ಹೋಗಲಕ ಬಸ್ಸಿಲ್ಲ ಅಂತ. ಬಸ್ಸು ಬಂತು. ನನ್ನ ಕಾಲಕ್ಕ ನನಗ ಹಂಗ ಬರೀಬಹುದು ಅಂತ ಹೊಳೀಲೂ ಇಲ್ಲ. ಈಗ ನನ್ನ ಮಕ್ಕಳಿಗಿ ಅರ್ಜಿ ಬರೆಯೋದು ಕಲಿಸೋವಾಗ ಪುಸ್ತಕದಾಗಿನ ವಿಷಯ ಬಿಟ್ಟು, ನಮ್ಮೂರಿಗಿ ಬಸ್ಸು ಬೇಕು ಅಂತ ಬರೀರಿ ಅಂತೀನಿ.

— ಈಗ ಹೆಣ್ಣಮಕ್ಕಳಿಗಿ ಟಿಕೆಟ್ಟೇ ಇಲ್ಲ.

— 2023ರ ಜೂನ್ 11ರಿಂದ ಇಲ್ಲ. ಭಾಳ ದೊಡ್ಡ ಕೆಲಸ ಅದು. ನನ್ನ ಕ್ಲಾಸಿನ್ಯಾಗ ಅದರ ಫರಕು ಕಾಣ್ತದ, ಪಾಸಿನ ರೊಕ್ಕಕ್ಕ ಅಪ್ಪನ ಮುಂದ ನಿಂದ್ರೋದು ತಪ್ಪೇದ. ಆದ್ರ ಟಿಕೆಟ್ ಪುಕ್ಕಟ ಇದ್ರೂ ಗಾಡಿ ಕ್ರಾಸಿನ್ಯಾಗ ನಿಂದ್ರಬೇಕಲ್ಲ. ಅದು ಈಗಲೂ ಸ್ಟೇರಿಂಗ್ ಹಿಂದ ಕೂತವನ ಕಾಲಾಗ ಅದ.

— ನನ್ನ ಕಾಲಾಗ ಅನ್ನು.

— ನಿನ್ನ ಕಾಲಾಗ. ಮತ್ತ ಒಳ್ಳೆತನ ಅಂದ್ರ ಕೇಳಿದ್ದೆಲ್ಲ ಮಾಡೋದು ಅಂತ ತಿಳಕೋಬ್ಯಾಡ. 1991ರ ಮಳೆಗಾಲ. ಟಿಸಿಎಚ್ ಅಂದ್ರ ಮಾಸ್ತರಕಿ ಟ್ರೇನಿಂಗ್, ಅದರ ಸೀಟಿಗಿ ಗುಲ್ಬರ್ಗದಾಗ ಸಂದರ್ಶನ ಇತ್ತು. ಕಾಕಾ ಗಾಡಿನೇ ಹತ್ತಿದ್ದೆ. ಮಳಖೇಡಕ್ಕ ಬಂದ್ರ ಕಾಗಿಣಾ ಹೊಳಿ ತುಂಬಿ ಸೇತುವಿ ಮ್ಯಾಲ ನೀರು ಹರೀಲಕತ್ತದ. ಕಟ್ಟಿ ಕಾಣ್ತಿತ್ತು, ಮೊಣಕಾಲಮಟ ಇದ್ದಿರಬೇಕು. ಹೊಡೀರಿ, ದಾಟ್ತದ ಅಂತ ಗಾಡಿದಾಗಿನವರು ಅಂದ್ರು. ನಮ್ಮ ಮುಂದೇ ಒಂದು ಲಾರಿ ದಾಟಿ ಹೋಯ್ತು. ನಾನೂ ಅಂದೆ ಕಾಕಾ ಹೋಗೋಣ, ನನ್ನ ಸೀಟು ಹೋಗ್ತದ ಅಂತ. ಅವರು ಗಾಡಿ ಬಂದ್ ಮಾಡಿ, ಇಳಿದು ಹೋಗಿ ನೀರು ನೋಡಿ ಬಂದು, ಹಿಂದಿನ ಗಾಲಿಗಿ ಕಲ್ಲು ಕೊಟ್ಟು ಕೂತುಬಿಟ್ರು. ಮಂದಿ ಬೈದ್ರು. ಒಬ್ಬರು ಹೇಡಿ ಅಂದ್ರು. ಕಾಕಾ ಏನೂ ಅನಲಿಲ್ಲ. ನನಗಷ್ಟೇ ಅಂದ್ರು, ಸೀಟು ಮುಂದಿನ ವರ್ಷ ಬರ್ತದ ಬೇಟಾ, ಹೊಳಿಗಿ ಹೋದವರು ಬರಲ್ಲ.

— ಸೀಟು?

— ಹೋಯ್ತು. ಆ ವರ್ಷ ತೊಗರಿ ಕಳೆ ತೆಗೆದೆ, ಮುಂದಿನ ವರ್ಷ ಸೀಟು ತಗೊಂಡೆ. ಆ ದಿನ ಅವರ ಮ್ಯಾಲ ನನಗ ಬಂದ ಸಿಟ್ಟು ಯಾರ ಮ್ಯಾಲೂ ಬಂದಿಲ್ಲ. ವಾರಗಟ್ಟಲೆ ಆ ಗಾಡಿ ಕಡೆ ತಿರುಗಿ ನೋಡಲಿಲ್ಲ. ಪ್ರತಿ ಮಳೆಗಾಲದಾಗ ಮಳಖೇಡ ಸೇತುವಿ ಮುಳುಗ್ತು ಅಂತ ಸುದ್ದಿ ಬರ್ತದ ನೋಡು, ಆವಾಗ ಅವರು ಗಾಲಿಗಿ ಕಲ್ಲು ಕೊಟ್ಟಿದ್ದು ಕಣ್ಣ ಮುಂದ ಬರ್ತದ. ಆ ಗಾಡಿದಾಗ ಅವತ್ತು ಎಪ್ಪತ್ತು ಮಂದಿ ಇದ್ದೀವಿ.

— ಆಮ್ಯಾಲ ಅವರಿಗಿ ಭೆಟ್ಟಿ ಆದಿ?

— ನೌಕರಿ ಆದ ಮ್ಯಾಲ ಹುಡುಕಿದೆ. ರಿಟೈರ್ ಆಗಿ ಶಹಾಬಾದ್‌ದಾಗ ಇದ್ರು, ಕಲ್ಲಿನ ಗಣಿ ಕಡೆ ಹೋಗೋ ಓಣಿದಾಗ. ಮೊದಲನೇ ಪಗಾರದಾಗ ಒಂದು ಧೋತರ, ಅರ್ಧ ಕಿಲೋ ಪೇಡೆ ಒಯ್ದಿದ್ದೆ. ಪರಸಿ ಹಾಸಿದ ಪಡಸಾಲಿದಾಗ ಹೊರಸಿನ ಮ್ಯಾಲ ಕೂತಿದ್ರು. ನಮಸ್ಕಾರ ಮಾಡಿ ಎದುರಿಗಿ ನಿಂತೆ. ಗುರ್ತು ಹಿಡೀಲಿಲ್ಲ.

— ಕಣ್ಣು ಮಂಜಾಗಿತ್ತೇನು?

— ಇಲ್ಲ, ಕಣ್ಣು ಚಲೋ ಇತ್ತು. ಹೆಸರು ಹೇಳಿದೆ, ಊರು ಹೇಳಿದೆ, ಬೇವಿನ ಮರ ಹೇಳಿದೆ. ಊರು ನೆನಪಾಯ್ತು, ಮರ ನೆನಪಾಯ್ತು, ನಾ ಆಗಲಿಲ್ಲ. ಎಷ್ಟೋ ಮಕ್ಕಳು ಹತ್ಯಾರ ಇಳಿದಾರ ತಾಯಿ ಅಂದ್ರು. ಬೇಟಾ ಅಂತ ಅನಲಿಲ್ಲ, ತಾಯಿ ಅಂದ್ರು. ನನಗ ಗಂಟಲ ಕಟ್ಟಿ ಬಂತು. ಹೊರಸಿನ ಮ್ಯಾಲ ಪೇಪರ್ ಬಿದ್ದಿತ್ತು. ಏನು ತಿಳೀತೋ, ಅದನ್ನ ತಗೊಂಡು ನಿಂತಲ್ಲೇ ಓದಲಕ ಚಾಲೂ ಮಾಡಿದೆ. ಆ ಸಣ್ಣ ಪಡಸಾಲಿದಾಗ, ಇಂಜಿನ್ ಸಪ್ಪಳದ ಮ್ಯಾಲ ಕೇಳೋ ಹಂಗ. ಎರಡು ಸಾಲು ಓದಿರಬೇಕು. ಅವರ ಬಲಗಾಲು ನೆಲದ ಮ್ಯಾಲಿಂದ ಸ್ವಲ್ಪ ಮ್ಯಾಲೆದ್ದಿತು. ಕಾಲು ತೆಗೀತಿದ್ರಲ್ಲ, ಹಂಗ. ಬೇಟಾ, ಸನ್ನತಿ ಓದಿದ್ದು ನೀನೇ ಏನು ಅಂದ್ರು.

— ...

— ಎರಡು ವರ್ಷ ಪಕ್ಕದಾಗೇ ಕೂತೀನಿ. ಅವರು ನನ್ನ ಮಾರಿ ನೋಡಿದ್ದೇ ಇಲ್ಲ ಯಪ್ಪಾ. ಅವರ ಕಣ್ಣು ರೋಡಿನ ಮ್ಯಾಲ ಇರ್ತಿತ್ತು.

— ಚಿಂಚೋಳಿ ಗಾಡಿ ಬಂತು ದೊಡ್ಡವ್ವ. ಆ ಬ್ಯಾಗ್ ಇಲ್ಲಿ ಕೊಡು.

— ಬುತ್ತಿ ಮ್ಯಾಲೇ ಇಟ್ಟೀನಿ, ರೊಟ್ಟಿ ಮುರೀದಂಗ ನೋಡಿಕೊ. ಸೇರಿದ ಕೂಡ್ಲೆ ಫೋನ್ ಮಾಡು, ಯಾವ ಶೆಡ್ಯೂಲ್ ಕೊಟ್ರು ಹೇಳು.

— ಮಾಡ್ತೀನಿ. ಆ ಮೋರಿ ಇನ್ನೂ ಅದ ಏನು?

— ಅದ. ರೋಡ್ ಅಗಲ ಮಾಡಿದಾಗ ಹೊಸದಾಗಿ ಕಟ್ಯಾರ. ಬೇವಿನ ಮರ ಹೋಯ್ತು, ಅಲ್ಲೀಗ ತಗಡಿನ ಶೆಡ್ ಅದ. ಮುಂದ ಕೂಡು, ಡ್ರೈವರ್ ಹಿಂದಿನ ಸೀಟಿಗಿ. ಅಲ್ಲಿಂದ ಚಂದ ಕಾಣ್ತದ.